ಮೋಸ ಹೋದ ರೊಕ್ಕ ಕಡಿಮೆ, ಸಿಕ್ಕಿಬಿದ್ದ ರೊಕ್ಕ ಜಾಸ್ತಿ

ಪ್ರಶ್ನೆ: ಹಾವೇರಿಯಲ್ಲಿ ನಮ್ಮದು ಪಂಪ್‌ಸೆಟ್, ಪೈಪ್, ವೈರ್ ಅಂಗಡಿ. ಹೋದ ವರ್ಷ 90 ಲಕ್ಷದ ವ್ಯಾಪಾರ ಆಗಿತ್ತು. ಈ ವರ್ಷ, ಅಂದರೆ 2025ರಲ್ಲಿ, 1 ಕೋಟಿ 20 ಲಕ್ಷ ಮುಟ್ಟಿದೆ. ಆದರೆ ಕೈಯಲ್ಲಿ ರೊಕ್ಕ ಇಲ್ಲ. ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್ ಸಾಲ) 6 ಲಕ್ಷ ಏರಿದೆ, ಬಡ್ಡಿ 11%. ಇದರ ನಡುವೆ ಹಳೆಯ ಪರಿಚಯದವರೊಬ್ಬರು 1.80 ಲಕ್ಷದ ಮಾಲು ಉದ್ರಿ ಒಯ್ದು ಈಗ ಫೋನ್ ಎತ್ತುತ್ತಿಲ್ಲ. ಡಿಸೆಂಬರ್ ಬಂತೆಂದರೆ ಎಲ್ಲರೂ 'ಈ ವರ್ಷ ಕಲಿತ ಪಾಠ' ಅಂತ ಸ್ಟೇಟಸ್ ಹಾಕುತ್ತಾರೆ. ನನ್ನ ಪಾಠ ಒಂದೇ: ಯಾರನ್ನೂ ನಂಬಬಾರದು. ಹೊಸ ವರ್ಷದಿಂದ ಉದ್ರಿ ಪೂರ್ತಿ ಬಂದ್ ಮಾಡಬೇಕು ಅಂದುಕೊಂಡಿದ್ದೇನೆ. ಸರಿಯಾ? ರಾಣೆಬೆನ್ನೂರಿನಲ್ಲಿ ಇನ್ನೊಂದು ಅಂಗಡಿ ಹಾಕುವ ವಿಚಾರವೂ ಇದೆ. ಇನ್ನೊಂದು ಮಾತು. ಮನೆಯವರು ಮಧ್ಯಾಹ್ನ ಅಂಗಡಿಯಲ್ಲಿ ಕೂರುತ್ತಾರೆ. ರಾತ್ರಿ ಒಂಬತ್ತೂವರೆಗೆ ಬಾಗಿಲು ಹಾಕಿ ನಾನು ಮನೆಗೆ ಹೋದರೆ, "ನೀವು ಮನಿಗೂ ಗಿರಾಕಿ ಬಂದಂಗ ಬರ್ತೀರಿ" ಅಂತಾರೆ. ಇದಕ್ಕೇನು ಮಾಡಲಿ?

(ಪತ್ರ ಉದ್ದ ಇತ್ತು, ಚಿಕ್ಕದು ಮಾಡಿದ್ದೇನೆ. ಜೊತೆಗೆ ಕಳಿಸಿದ ಅಂಕಿಗಳು ಉತ್ತರದಲ್ಲೇ ಬರುತ್ತವೆ.)

ಉತ್ತರ: ನಮಸ್ಕಾರ. ನಿಮ್ಮ ಮೂಲ ಪತ್ರದಲ್ಲಿ ಆ 1.80 ಲಕ್ಷದ ಮನುಷ್ಯನಿಗೆ ಒಂದು ಪುಟಕ್ಕಿಂತ ಜಾಸ್ತಿ ಹೋಗಿದೆ. ಓಡಿಗೆ ಒಂದೇ ಸಾಲು. ನೊಂದವರು ಹೀಗೇ ಬರೆಯುತ್ತಾರೆ, ತಪ್ಪೇನಿಲ್ಲ. ಆದರೆ ಈ ವರ್ಷ ನಿಮ್ಮ ರೊಕ್ಕ ಎಲ್ಲಿ ಹೋಯಿತು ಅನ್ನುವುದು ಆ ಪುಟದಲ್ಲಿ ಸಿಗುವುದಿಲ್ಲ, ಈ ಸಾಲಿನಲ್ಲಿ ಸಿಗುತ್ತದೆ.

ನೀವು ಕಳಿಸಿದ ಅಂಕಿಗಳನ್ನು ಒಂದು ಕಡೆ ಇಟ್ಟು ನೋಡೋಣ. 1 ಕೋಟಿ 20 ಲಕ್ಷದ ವ್ಯಾಪಾರದಲ್ಲಿ ಮಾಲಿನ ಖರೀದಿ ಕಳೆದು 12 ಲಕ್ಷ ಉಳಿದಿದೆ. ಬಾಡಿಗೆ, ಇಬ್ಬರು ಹುಡುಗರ ಪಗಾರ, ಕರೆಂಟ್, ಸಾಗಣೆ, ಬ್ಯಾಂಕ್ ಬಡ್ಡಿ ಎಲ್ಲ ಸೇರಿ 5 ಲಕ್ಷ. ಉಳಿದ 7 ಲಕ್ಷ ಲಾಭ. ಇದರ ಮೇಲೆ ಕಂಪನಿಗಳಿಗೆ ಕೊಡಬೇಕಾದ ಬಾಕಿ 9 ಲಕ್ಷದಿಂದ 14 ಲಕ್ಷಕ್ಕೆ ಏರಿದೆ. ಅಂದರೆ ಅವರ 5 ಲಕ್ಷ ನಿಮ್ಮ ಹತ್ತಿರ ನಿಂತಿದೆ. ಬ್ಯಾಂಕಿನಿಂದ 6 ಲಕ್ಷ ಬಂದಿದೆ. ಕೈಯಲ್ಲಿದ್ದ ನಗದು 1 ಲಕ್ಷ ಕಡಿಮೆಯಾಗಿದೆ. ಒಟ್ಟು 19 ಲಕ್ಷ. ಇಷ್ಟು ರೊಕ್ಕ ಈ ವರ್ಷ ನಿಮ್ಮ ಕೈ ದಾಟಿ ಎಲ್ಲೋ ಹೋಗಿ ಕೂತಿದೆ.

ಎಲ್ಲಿ? ಗಿರಾಕಿಗಳ ಉದ್ರಿ 11 ಲಕ್ಷ ಇದ್ದದ್ದು 19 ಆಗಿದೆ. ಅಲ್ಲಿ 8 ಲಕ್ಷ. ಗೋದಾಮಿನ ಮಾಲು 14 ಇದ್ದದ್ದು 20 ಆಗಿದೆ. ಅಲ್ಲಿ 6. ಮನೆಖರ್ಚಿಗೆ ತೆಗೆದದ್ದು 5. ಲೆಕ್ಕ ಸರಿಯಾಗಿ ಕೂಡುತ್ತದೆ. ಯಾರೂ ಕದ್ದಿಲ್ಲ, ಏನೂ ಸೋರಿಲ್ಲ. ವ್ಯಾಪಾರ 30 ಲಕ್ಷ ಬೆಳೆಯಿತು ಅಂತ ಖುಷಿಪಟ್ಟಿರಲ್ಲ, ಅದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಇನ್ನೂ ಗಿರಾಕಿಯ ಹತ್ತಿರವೇ ಇದೆ.

ಆ 1.80 ಲಕ್ಷ ಈ 19 ಲಕ್ಷದ ಉದ್ರಿಯಲ್ಲಿ ನೂರಕ್ಕೆ ಹತ್ತೂ ಇಲ್ಲ. ಉಳಿದ 17 ಲಕ್ಷ ಒಳ್ಳೆಯ ಜನರ ಹತ್ತಿರ ಇದೆ. ನಿಮ್ಮನ್ನು ಓಡಿಯಲ್ಲಿ ಕೂರಿಸಿದ್ದು ಅವರ ಬಾಕಿ. ಸಿಕ್ಕಾಗ ನಮಸ್ಕಾರ ಮಾಡುತ್ತಾರೆ, ಮಗಳ ಮದುವೆಗೆ ಕರೆಯುತ್ತಾರೆ, ಬಾಕಿ ಮಾತ್ರ ಹಾಗೇ ಇರುತ್ತದೆ. ಮೋಸ ಮಾಡಿದವನ ಮೇಲೆ ಸಿಟ್ಟು ಬರುತ್ತದೆ, ಹಾಗಾಗಿ ಅವನು ವರ್ಷವಿಡೀ ನೆನಪಿರುತ್ತಾನೆ. ಇವರ ಮೇಲೆ ಸಿಟ್ಟೇ ಬರುವುದಿಲ್ಲವಲ್ಲ, ಅಲ್ಲೇ ತೊಂದರೆ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಜಿಎಸ್‌ಟಿ ಸದ್ಯ ಪಕ್ಕಕ್ಕಿಡಿ. 8 ಲಕ್ಷದ ಮಾಲು ಉದ್ರಿ ಹೋಯಿತು. ಅಂಗಡಿ ಖರ್ಚು ಕಳೆಯುವ ಮೊದಲು ನಿಮ್ಮ ಲಾಭ 10%, ಅಂದರೆ 80,000 ರೂಪಾಯಿ. ಆ ಮಾಲಿಗೆ ನೀವು ಹಾಕಿದ ಹಣ 7.20 ಲಕ್ಷ. ಅದನ್ನು ಓಡಿಯಿಂದ ತೆಗೆದು, ಗಿರಾಕಿ ಒಂದು ಸುಗ್ಗಿಯಿಂದ ಮುಂದಿನ ಸುಗ್ಗಿಗೆ ಕೊಟ್ಟರೆ 11% ಬಡ್ಡಿ 79,200. ನಿಮಗೆ ಉಳಿದದ್ದು 800 ರೂಪಾಯಿ. ಅದರಲ್ಲೇ ಹುಡುಗರ ಪಗಾರ, ಟೆಂಪೊ ಬಾಡಿಗೆ ಎಲ್ಲ ಆಗಬೇಕು. ಆರು ತಿಂಗಳಿಗೆ ಬಂದರೆ ಬಡ್ಡಿ 39,600, ಅರ್ಧ ಲಾಭ ಉಳಿಯುತ್ತದೆ. ಎರಡು ತಿಂಗಳಿಗೆ ಬಂದರೆ ತೊಂದರೆಯೇ ಇಲ್ಲ. ಎಷ್ಟು ದಿನಕ್ಕೆ ಬಂತು ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಿಮ್ಮ ಉದ್ರಿ ಹೋದ ವರ್ಷ ಸರಾಸರಿ 45 ದಿನದ ವ್ಯಾಪಾರಕ್ಕೆ ಸಮ ಇತ್ತು. ಈ ವರ್ಷ 58 ದಿನಕ್ಕೆ ಹೋಗಿದೆ. ಈ ಅಂಕಿ ಸುಲಭ: ಉದ್ರಿಯನ್ನು ವರ್ಷದ ವ್ಯಾಪಾರದಿಂದ ಭಾಗಿಸಿ 365ರಿಂದ ಗುಣಿಸಿ. ಕ್ಯಾಲ್ಕ್ಯುಲೇಟರ್‌ನಲ್ಲಿ ಅರ್ಧ ನಿಮಿಷದ ಕೆಲಸ.

ಈಗ, ಉದ್ರಿ ಯಾಕೆ ಏರಿತು? ಎಲ್ಲವನ್ನೂ ನಿಮ್ಮ ತಲೆಗೆ ಕಟ್ಟುವುದು ನ್ಯಾಯವಲ್ಲ. ನಿಮ್ಮ ಕಡೆ ಗೋವಿನಜೋಳ ದೊಡ್ಡ ಬೆಳೆ. 2025ರಲ್ಲಿ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಇತ್ತು, ಪೇಟೆಯ ದರ ಅದಕ್ಕಿಂತ ಬಹಳ ಕೆಳಗಿತ್ತು. ನವೆಂಬರ್‌ನಲ್ಲಿ ಖರೀದಿ ಕೇಂದ್ರ ತೆರೆಯಿರಿ ಅಂತ ಲಕ್ಷ್ಮೇಶ್ವರದಲ್ಲಿ ರೈತರು ಧರಣಿ ಕೂತದ್ದು ನಿಮಗೂ ಗೊತ್ತು. ಬೆಳೆದದ್ದನ್ನು ಮಾರದೆ ಮನೆಯಲ್ಲಿ ಇಟ್ಟುಕೊಂಡವರು ನಿಮಗೆ ಎಲ್ಲಿಂದ ಕೊಡಬೇಕು? ಮೆಣಸಿನಕಾಯಿ ಬೆಳೆದವರ ಕಥೆ ಬೇರೆ. ಬ್ಯಾಡಗಿ ಪೇಟೆಗೆ ಹೊಸ ಕಾಯಿ ಜೋರಾಗಿ ಬರುವುದೇ ಜನವರಿಯ ನಂತರ. ಅವರನ್ನು ಡಿಸೆಂಬರ್‌ನಲ್ಲಿ ಕೇಳಿದರೆ ಇಬ್ಬರಿಗೂ ಮುಜುಗರ. ಅಲ್ಲೂ ದರ ನೆಚ್ಚಿಕೊಳ್ಳುವ ಹಾಗಿಲ್ಲ. 2024ರ ಮಾರ್ಚ್‌ನಲ್ಲಿ ದರ ಬಿದ್ದು ಬ್ಯಾಡಗಿ ಎಪಿಎಂಸಿಯಲ್ಲಿ ರೈತರ ಸಿಟ್ಟು ಬೆಂಕಿ ಹಚ್ಚುವವರೆಗೆ ಹೋದದ್ದು ನೆನಪಿದೆಯಲ್ಲ.

ಇದಕ್ಕೇ ನನಗೆ ಡಿಸೆಂಬರ್ 31ರ ಮೇಲೆ ಅಷ್ಟು ಭರವಸೆ ಇಲ್ಲ. ನಮ್ಮ ಕಡೆ ವ್ಯಾಪಾರಸ್ಥರು ದೀಪಾವಳಿಗೆ ಲಕ್ಷ್ಮೀ ಪೂಜೆ ಮಾಡಿ ಹೊಸ ಕಿರ್ದಿ ತೆಗೆಯುತ್ತಾರೆ. ತೆರಿಗೆಯವರಿಗೆ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ರೈತನಿಗೆ ಬೆಳೆ ಮಾರಿ ಕೈಗೆ ರೊಕ್ಕ ಬಂದ ದಿನ ವರ್ಷ ಮುಗಿಯುತ್ತದೆ. ಡಿಸೆಂಬರ್ ಅನ್ನುವುದು ಮೊಬೈಲ್‌ನ ವರ್ಷಾಂತ್ಯ. ನಿಮ್ಮಂಥ ಅಂಗಡಿಗೆ ಅರ್ಧ ಹಣ ಆಗ ಇನ್ನೂ ಹೊಲದಲ್ಲಿ, ಗೋದಾಮಿನಲ್ಲಿ ಇರುತ್ತದೆ. ಆ ದಿನ ನಿಂತು 'ಈ ವರ್ಷ ಇಷ್ಟು ಕಲಿತೆ' ಅಂದರೆ ಅರ್ಧ ಲೆಕ್ಕಕ್ಕೆ ಪೂರ್ತಿ ತೀರ್ಪು ಕೊಟ್ಟಂತೆ. ಈಗ ಅಂಕಿ ಬರೆದಿಡಿ. ತೀರ್ಮಾನ ಯುಗಾದಿಗೆ ಇಟ್ಟುಕೊಳ್ಳಿ.

ವ್ಯಾಪಾರ ಯಾಕೆ ಬೆಳೆಯಿತು ಅನ್ನುವುದನ್ನೂ ಒಮ್ಮೆ ಕೇಳಿಕೊಳ್ಳಿ. 33% ಬೆಳೆದದ್ದು ನಿಮ್ಮ ಜಾಣತನಕ್ಕಾ, ದರಕ್ಕಾ, ಮಳೆಗಾ? ತಾಮ್ರ ಏರಿದರೆ ವೈರ್ ಏರುತ್ತದೆ, ಮೋಟರ್ ಏರುತ್ತದೆ. ಅಷ್ಟೇ ಮೋಟರ್ ಮಾರಿದರೂ ವ್ಯಾಪಾರದ ಅಂಕಿ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ರೂಪಾಯಿ ಬಿಟ್ಟು ಸಂಖ್ಯೆ ಎಣಿಸಿ. ಹೋದ ವರ್ಷ ಎಷ್ಟು ಮೋಟರ್, ಎಷ್ಟು ಬಂಡಲ್ ವೈರ್, ಎಷ್ಟು ಪೈಪ್ ಹೋಯಿತು, ಈ ವರ್ಷ ಎಷ್ಟು? ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಇದು ಇರುತ್ತದೆ, ಯಾರೂ ತೆಗೆದು ನೋಡುವುದಿಲ್ಲ ಅಷ್ಟೇ.

ಪಂಪ್‌ಸೆಟ್ ವ್ಯಾಪಾರದಲ್ಲಿ ಇನ್ನೊಂದು ತಿರುವು ಇದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಬರ ಬಿದ್ದರೆ ಬೋರ್ ಕೊರೆಸುವವರು ಹೆಚ್ಚುತ್ತಾರೆ, ನೀರು ಕೆಳಗೆ ಹೋದಷ್ಟೂ ದೊಡ್ಡ ಮೋಟರ್, ಉದ್ದದ ಪೈಪ್ ಬೇಕು. ಅಂಗಡಿಯಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಆದರೆ ಬೆಳೆ ಕೈಕೊಟ್ಟ ವರ್ಷ ಅದೇ ಅಲ್ವಾ? ಕೊಳ್ಳುವ ಗರಜು ಜಾಸ್ತಿ, ಕೊಡುವ ಶಕ್ತಿ ಕಡಿಮೆ. ನಿಮ್ಮ ಅಂಗಡಿಯ ಭರ್ಜರಿ ವರ್ಷವೇ ಉದ್ರಿಗೆ ಅಪಾಯದ ವರ್ಷ. ಗಲ್ಲಾ ತುಂಬಿದ ತಿಂಗಳುಗಳ ಉದ್ರಿ ಚೀಟಿಗಳನ್ನು ಬೇರೆ ತೆಗೆದು ನೋಡಿದರೆ ಇದು ನಿಮಗೇ ಕಾಣುತ್ತದೆ.

ಮಾಲಿನ 6 ಲಕ್ಷದ ಬಗ್ಗೆ ನೀವು ಏನೂ ಬರೆದಿಲ್ಲ. ನಾನು ಊಹಿಸಲಾ? ಕಂಪನಿಯ ಸ್ಕೀಮ್. ಇಷ್ಟು ಮೋಟರ್ ಎತ್ತಿದರೆ ಬಂಗಾರದ ನಾಣ್ಯ, ಅಷ್ಟು ಎತ್ತಿದರೆ ಥಾಯ್ಲೆಂಡ್ ಟೂರ್. ಹುಬ್ಬಳ್ಳಿಯ ನನ್ನ ಕಚೇರಿಗೆ ಬರುವ ಡೀಲರುಗಳಲ್ಲಿ ಟೂರಿನ ಫೋಟೊ ತೋರಿಸದವರು ಅಪರೂಪ, ಗೋದಾಮಿನ ಫೋಟೊ ತೋರಿಸಿದವರು ಒಬ್ಬರೂ ಇಲ್ಲ. ಆ ಟೂರಿನ ಟಿಕೆಟ್ ನಿಮ್ಮ ಓಡಿಯಿಂದಲೇ ಬಂದಿದೆ. ಒಂದು ಭಾನುವಾರ ಹುಡುಗರನ್ನು ಕರೆದು ಆರು ತಿಂಗಳಿಂದ ಕದಲದ ಮಾಲಿಗೆ ಕೆಂಪು ಚೀಟಿ ಅಂಟಿಸಿ. ಅದನ್ನು ಖರೀದಿ ದರಕ್ಕೆ ಬಿಟ್ಟರೂ ಲಾಭವೇ.

ಕಂಪನಿಗಳ 14 ಲಕ್ಷದ ಬಾಕಿಯಲ್ಲಿ ಒಂದು ಮಾತ್ರ ನೋಡಿ. ಬಿಲ್ ಆಗಿ 180 ದಿನದೊಳಗೆ ಹಣ ಕೊಡದಿದ್ದರೆ, ಆ ಬಿಲ್‌ಗೆ ತೆಗೆದುಕೊಂಡ ಜಿಎಸ್‌ಟಿ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಗೆ ಸಿಗುವ ವಜಾ) ಬಡ್ಡಿ ಸಮೇತ ವಾಪಸ್ ಕಟ್ಟಬೇಕಾಗುತ್ತದೆ. ಆಮೇಲೆ ಹಣ ಕೊಟ್ಟಾಗ ಕ್ರೆಡಿಟ್ ಮತ್ತೆ ಸಿಗುತ್ತದೆ, ಬಡ್ಡಿ ಹೋದದ್ದು ಹೋಯಿತು. ಪೈಪನ್ನು ಸಣ್ಣ ತಯಾರಕರಿಂದ ತರಿಸುತ್ತಿದ್ದರೆ 45 ದಿನದ ನಿಯಮವೂ ಬರಬಹುದು: ಅಷ್ಟರೊಳಗೆ ಹಣ ಕೊಡದೆ ವರ್ಷ ದಾಟಿಸಿದರೆ ಆ ಖರೀದಿಯನ್ನು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸಲು ಬರುವುದಿಲ್ಲ. ಅದು ನಿಮ್ಮ ರಿಟರ್ನ್ ಯಾವ ಪದ್ಧತಿಯದು ಅನ್ನುವುದರ ಮೇಲೆ ಇದೆ, ನಿಮ್ಮ ಆಡಿಟರನ್ನು ಮಾರ್ಚ್‌ಗೆ ಮುಂಚೆ ಕೇಳಿ.

ಉದ್ರಿ ಬಂದ್ ಮಾಡಬೇಕಾ ಅಂದಿರಿ. ಬೇಡ. ಹೊಲದಲ್ಲಿ ಬೆಳೆ ಒಣಗುತ್ತಿರುವಾಗ ಮೋಟರ್ ಸುಟ್ಟರೆ ರೈತ ಅವತ್ತೇ ಬರುತ್ತಾನೆ. ಅವತ್ತು ಅವನ ಕೈಯಲ್ಲಿ ರೊಕ್ಕ ಇರುವುದಿಲ್ಲ. ನೀವು ಇಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ, ಮುಂದೆ ನಗದು ಇದ್ದಾಗಲೂ ಅಲ್ಲಿಗೇ ಹೋಗುತ್ತಾನೆ. ನಮ್ಮ ಭಾಗದಲ್ಲಿ ಕೃಷಿ ನಡೆದದ್ದೇ ಸಾಲದ ಮೇಲೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಾಲ ತಪ್ಪು ಅಂತ ಅವರೂ ಹೇಳಲಿಲ್ಲ. ಊರಿನವರೇ ಒಬ್ಬರಿಗೊಬ್ಬರು ಜವಾಬ್ದಾರರಾಗಿ, ನಿಯಮ ಹಾಕಿಕೊಂಡು ಕೊಡೋಣ ಅಂದರು. ನಿಮ್ಮ ಉದ್ರಿ ಪುಸ್ತಕದಲ್ಲಿ ಈಗ ಹೆಸರಿದೆ, ಮೊತ್ತ ಇದೆ, ವಾಯಿದೆ ಇಲ್ಲ. ಆ ಖಾನೆ ಸೇರಿಸಿ.

ವಾಯಿದೆ ಅಂದರೆ 'ಮಾರ್ಚ್ 10' ಅಂತ ಬರೆಯಬೇಕಿಲ್ಲ. 'ಗೋವಿನಜೋಳ ಮಾರಿದ ವಾರ', 'ಮೆಣಸಿನಕಾಯಿ ಮೊದಲ ಕೊಯ್ಲು', 'ಹತ್ತಿ ಬಿಡಿಸಿದ ಮೇಲೆ' ಅಂತ ಬರೆಯಿರಿ. ಬಾಯಿಂದ ಅವರೇ ಹೇಳಲಿ, ಎದುರಿಗೇ ಬರೆದುಕೊಳ್ಳಿ. ಆ ವಾರ ನೀವು ಫೋನ್ ಮಾಡಿದರೆ ಕಾಟ ಕೊಟ್ಟ ಹಾಗೆ ಆಗುವುದಿಲ್ಲ, ಅವರು ಹೇಳಿದ್ದನ್ನೇ ನೆನಪಿಸಿದ ಹಾಗೆ ಆಗುತ್ತದೆ. ಹೊಸ ಮೋಟರ್‌ಗೆ ಅರ್ಧ ನಗದು ಇಲ್ಲದೆ ಕೊಡಬೇಡಿ. ಪ್ರತಿ ಖಾತೆಗೆ ಒಂದು ಮಿತಿ ಇರಲಿ. ನಿಮ್ಮ ವ್ಯಾಪಾರಕ್ಕೆ 25,000 ಸಾಕು ಅಂತ ನನಗೆ ಅನ್ನಿಸುತ್ತದೆ. ಮಿತಿ ಮುಟ್ಟಿದರೆ ಬಿಲ್ ಮಾಡುವ ಹುಡುಗ ನಿಮ್ಮನ್ನು ಕೇಳದೆ ಮಾಲು ಬಿಡಬಾರದು. ಅಳಿಯ ಬಂದರೂ ಅಷ್ಟೇ.

ಆ 1.80 ಲಕ್ಷದ ವಿಷಯಕ್ಕೂ ಇದೇ ಉತ್ತರ. ಅವರು ಒಮ್ಮೆಗೇ ಅಷ್ಟು ಒಯ್ದಿಲ್ಲ. ನಿಮ್ಮ ಪತ್ರದ ಪ್ರಕಾರ ಐದು ಸಲ ಒಯ್ದಿದ್ದಾರೆ. ಮೂರನೆಯ ಸಲವೇ ಯಾರಾದರೂ 'ಹಿಂದಿನದು?' ಅಂತ ಕೇಳಿದ್ದರೆ ಅಲ್ಲೇ ನಿಲ್ಲುತ್ತಿತ್ತು. ಪರಿಚಯದವರನ್ನು ಕೇಳುವುದು ಹೇಗೆ ಅಂತ ಸುಮ್ನಿದ್ದಿರಿ. ಈಗ ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನು ಕರೆದುಕೊಂಡು ಅವರ ಮನೆಗೇ ಹೋಗಿ. ರೊಕ್ಕ ಕೇಳುವುದಕ್ಕಿಂತ ಮೊದಲು ಒಂದು ಕಾಗದಕ್ಕೆ ಸಹಿ ಕೇಳಿ: ಇಂಥ ದಿನಕ್ಕೆ ಇಷ್ಟು ಬಾಕಿ ಇದೆ ಅಂತ. ವಾಯಿದೆ ಹೇಳದೆ ಉದ್ರಿ ಕೊಟ್ಟ ಮಾಲಿನ ಹಣಕ್ಕೆ ಕೋರ್ಟಿಗೆ ಹೋಗಲು ಮಾಲು ಕೊಟ್ಟ ದಿನದಿಂದ 3 ವರ್ಷ ಅವಕಾಶ. ಆ ಅವಧಿಯೊಳಗೆ ಬಾಕಿದಾರರು ಬರೆದು ಸಹಿ ಮಾಡಿ ಒಪ್ಪಿಕೊಂಡರೆ ಆ ದಿನದಿಂದ ಹೊಸದಾಗಿ 3 ವರ್ಷ ಶುರುವಾಗುತ್ತದೆ. ಅವಧಿ ಮುಗಿದ ಮೇಲೆ ಬರೀ ಬಾಕಿ ಒಪ್ಪಿಕೊಂಡು ಸಹಿ ಮಾಡಿದರೆ ಅದು ಮತ್ತೆ ಜೀವ ಪಡೆಯುವುದಿಲ್ಲ. ಹಾಗಾಗಿ ಹಳೆಯ ಬಾಕಿ ಯಾರದ್ದೇ ಇರಲಿ, ವರ್ಷಕ್ಕೊಮ್ಮೆ ಸಹಿ ಹಾಕಿಸಿಕೊಳ್ಳುವ ರೂಢಿ ಮಾಡಿ. ಕೋರ್ಟಿಗೆ ಹೋಗಿ ಅಂತ ನಾನು ಹೇಳುತ್ತಿಲ್ಲ, ವಕೀಲರ ಫೀ ಲೆಕ್ಕ ಹಾಕಿದರೆ ನೀವೂ ಹೋಗುವುದಿಲ್ಲ. ಆದರೆ ಸಹಿ ಮಾಡಿದವರು ಸ್ವಲ್ಪ ಸ್ವಲ್ಪವಾಗಿಯಾದರೂ ಕೊಡಲು ಶುರು ಮಾಡುವುದನ್ನು ನಾನು ಬಹಳ ನೋಡಿದ್ದೇನೆ. ತಿಂಗಳಿಗೆ 10,000 ಕೊಡುತ್ತೇನೆ ಅಂದರೆ ಒಪ್ಪಿಕೊಳ್ಳಿ.

'ಯಾರನ್ನೂ ನಂಬಬಾರದು' ಅನ್ನುವ ನಿಮ್ಮ ಪಾಠ ನನಗೆ ಇಷ್ಟವಾಗದಿರುವುದು ಅದು ಕಹಿಯಾಗಿದೆ ಅಂತಲ್ಲ. ಅದನ್ನು ಇಟ್ಟುಕೊಂಡು ಸೋಮವಾರ ಬೆಳಿಗ್ಗೆ ಅಂಗಡಿಯಲ್ಲಿ ಏನು ಮಾಡುತ್ತೀರಿ? ನಂಬದೆ ಇರಲು ಆಗುವುದಿಲ್ಲ, ಎರಡನೇ ಗಿರಾಕಿಗೇ ಅದು ಮುರಿಯುತ್ತದೆ. ವಾಯಿದೆ ಬರೆದುಕೊಳ್ಳುವುದಾದರೆ ದಿನಾಲೂ ಮಾಡಬಹುದು.

ಇನ್ನು ಮನೆ. ಇದನ್ನು ಕೊನೆಗೆ ಬರೆದಿದ್ದೀರಿ, ಆದರೆ ಲೆಕ್ಕದಲ್ಲಿ ಇದು ಸಣ್ಣದಲ್ಲ. ಮನೆಖರ್ಚಿಗೆ ವರ್ಷಕ್ಕೆ 5 ಲಕ್ಷ ಹೋಗಿದೆ, ಬೇಕಾದಾಗ ಗಲ್ಲಾದಿಂದ ತೆಗೆದದ್ದು. ಅಂಗಡಿಯ ಕ್ಯೂಆರ್ ಕೋಡ್‌ಗೇ ತಮ್ಮನ ಕೈಗಡದ ಹಣ, ಚೀಟಿ ಹಣ ಎಲ್ಲ ಬಂದಿದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಎಷ್ಟು ಗಲಾಟೆ ಆಯಿತು! ಆಗ ಮನೆಯ ರೊಕ್ಕ ಯಾವುದು, ವ್ಯಾಪಾರದ್ದು ಯಾವುದು ಅಂತ ಬಿಡಿಸಿ ಹೇಳಲು ಪರದಾಡಿದವರು ಬಹಳ. ನಿಮಗೆ ಜಿಎಸ್‌ಟಿ ನೋಂದಣಿ ಇರುವುದರಿಂದ ಆ ಭಯ ಬೇಡ, ಆದರೂ ಖಾತೆ ಎರಡು ಮಾಡಿ. ಪ್ರತಿ ತಿಂಗಳು 1ಕ್ಕೆ 40,000 ಮನೆಯ ಖಾತೆಗೆ ಹಾಕಿ, ಆಮೇಲೆ ಗಲ್ಲಾ ಮುಟ್ಟಬೇಡಿ.

ಮನೆಯವರು ಮಧ್ಯಾಹ್ನ ಕೂರುತ್ತಾರೆ ಅಂದಿರಿ. ಅವರ ಬದಲು ಒಬ್ಬರನ್ನು ಇಟ್ಟರೆ ತಿಂಗಳಿಗೆ 12,000 ಕೊಡಬೇಕು, ವರ್ಷಕ್ಕೆ 1.44 ಲಕ್ಷ. ನೀವು ಬೇರೆ ಕಡೆ ಮ್ಯಾನೇಜರ್ ಆಗಿದ್ದರೆ 25,000 ಸಿಗುತ್ತಿತ್ತು ಅಂದುಕೊಳ್ಳಿ, ಅದು 3 ಲಕ್ಷ. 7 ಲಕ್ಷ ಲಾಭದಲ್ಲಿ ನಿಮ್ಮಿಬ್ಬರ ದುಡಿಮೆ ಕಳೆದರೆ ಅಂಗಡಿ ಗಳಿಸಿದ್ದು 2.56 ಲಕ್ಷ. ಈ ಲೆಕ್ಕ ಅವರಿಗೂ ತೋರಿಸಿ. ಸಾಧ್ಯವಾದರೆ ಆ 12,000 ಅವರ ಖಾತೆಗೆ ನಿಜವಾಗಿ ಹಾಕಿ. ಮನೆಖರ್ಚಿನ ದುಡ್ಡು ಬೇರೆ, ಇದು ಬೇರೆ. ಗಿರಾಕಿ ಬಾಕಿ ಕೇಳುವ ಕೆಲಸಕ್ಕೂ ಅವರನ್ನೇ ಕೇಳಿ ನೋಡಿ. ಹೆಂಗಸರು ಫೋನ್ ಮಾಡಿದರೆ ಜನ ಸುಳ್ಳು ವಾಯಿದೆ ಹೇಳಲು ಹಿಂಜರಿಯುತ್ತಾರೆ. ಗಂಡಸರಿಗೆ ಇಲ್ಲದ ಒಂದು ಧೈರ್ಯ ಅವರಿಗೆ ಕೇಳುವುದರಲ್ಲಿ ಇರುತ್ತದೆ.

ರಾತ್ರಿ ಒಂಬತ್ತೂವರೆಯ ಬಗ್ಗೆ: ನಿಮ್ಮ ಬಿಲ್ ಮೇಲೆ ಸಮಯ ಅಚ್ಚಾಗಿರುತ್ತದೆ. ಎಂಟರ ನಂತರದ ಬಿಲ್‌ಗಳನ್ನೆಲ್ಲ ತೆಗೆದು ಕೂಡಿಸಿ. ಮೋಟರ್, ಪೈಪ್ ಒಯ್ಯುವ ರೈತ ಹಳ್ಳಿಗೆ ಹೋಗುವ ಬಸ್ಸಿಗೋ ಟೆಂಪೊಗೋ ಮುಂಚೆಯೇ ಬಂದು ಹೋಗಿರುತ್ತಾನೆ. ಉಳಿಯುವುದು ಹೋಲ್ಡರ್, ಟೇಪ್, ಬಲ್ಬ್ ಮತ್ತು ಹರಟೆ. ಹರಟೆ ಬೇಡ ಅನ್ನುವುದಿಲ್ಲ, ಅದಕ್ಕೆ ವ್ಯಾಪಾರ ಅಂತ ಹೆಸರಿಡಬೇಡಿ ಅಷ್ಟೇ. ಬೇಸಿಗೆಯ ಮೂರು ತಿಂಗಳು ಬಿಟ್ಟು ಉಳಿದ ದಿನ ಎಂಟಕ್ಕೆ ಬಾಗಿಲು ಹಾಕಿ. ಗರಜು ಇದ್ದವರಿಗೆ ನಿಮ್ಮ ನಂಬರ್ ಗೊತ್ತಿದೆ.

ರಾಣೆಬೆನ್ನೂರಿನ ಅಂಗಡಿ ಈಗ ಬೇಡ. ಊರು ಒಳ್ಳೆಯದೇ, ಬೀಜದ ವ್ಯಾಪಾರಕ್ಕೆ ಹೆಸರಾದ ಪೇಟೆ, ರೈತರು ಬಂದೇ ಬರುತ್ತಾರೆ. ಆದರೆ ಅಲ್ಲಿ ನಿಮ್ಮನ್ನು ಯಾರಿಗೂ ಗೊತ್ತಿಲ್ಲ, ಹಾಗಾಗಿ ಮೊದಲ ಎರಡು ವರ್ಷ ಗಿರಾಕಿ ಬರುವುದು ಉದ್ರಿಯಿಂದಲೇ. ಅಡ್ವಾನ್ಸ್, ರ್‍ಯಾಕ್, ಮಾಲು ಎಲ್ಲ ಮತ್ತೆ ಓಡಿಯಿಂದ. ಈಗ 8 ಲಕ್ಷಕ್ಕೆ ಆದದ್ದು ಅಲ್ಲಿ ಇನ್ನೊಮ್ಮೆ ಆಗುತ್ತದೆ, ಈ ಸಲ ಗುರುತಿಲ್ಲದವರ ಹತ್ತಿರ. ಅಂಗಡಿ ನೋಡಿ ಇಟ್ಟಿದ್ದರೆ ಮಾಲೀಕರಿಗೆ ಏಪ್ರಿಲ್ ಅಂತ ಹೇಳಿ, ಟೋಕನ್ ಕೊಡಬೇಡಿ. ಮಾರ್ಚ್ 31ಕ್ಕೆ ನಾಲ್ಕು ಅಂಕಿ ಬರೆದು ಕಳಿಸಿ: ಉದ್ರಿ, ಮಾಲು, ಕಂಪನಿ ಬಾಕಿ, ಓಡಿ. ಉದ್ರಿ 15 ಲಕ್ಷದೊಳಗೆ ಬಂದು, ಓಡಿ ಈಗಿರುವುದಕ್ಕಿಂತ 3 ಲಕ್ಷವಾದರೂ ಇಳಿದಿದ್ದರೆ ಆ ಅಂಗಡಿಯ ಬಾಡಿಗೆ ಎಷ್ಟು, ಬಾಗಿಲು ಯಾವ ರಸ್ತೆಗೆ ಅನ್ನುವ ಮಾತು ಆಡೋಣ.